ಎಫೆಸಕ್ಕೆ ಹೊರಟವರಿಗೆ

ಸಭೆಯವರೆಲ್ಲ ಒಟ್ಟಾಗಿ ಟರ್ಕಿಯ ಎಫೆಸ ನೋಡಲು ಹೊರಟಿದ್ದೀರಾ? ಹಿಂದಿನ ರಾತ್ರಿ ಎಲ್ಲರೂ ಕೂತು ಅಪೊಸ್ತಲರ ಕೃತ್ಯಗಳ 19ನೇ ಅಧ್ಯಾಯವನ್ನು ಗಟ್ಟಿಯಾಗಿ ಓದಿಕೊಳ್ಳಿ. ಇಷ್ಟು ಮಾಡಿದರೆ ಮರುದಿನ ಕಲ್ಲುಗಳು ನಿಮ್ಮೊಡನೆ ಮಾತಾಡುತ್ತವೆ.

ಪ್ರವಾಸದ ಬಸ್ಸುಗಳಿಗೆ ಸದಾ ಅವಸರ. ಹೆಚ್ಚಿನ ಹೊತ್ತು ಸೆಲ್ಸಸ್ ಗ್ರಂಥಾಲಯದ ಮುಂದೆ ಫೋಟೊಗಳಿಗೇ ಹೋಗುತ್ತದೆ. ಅದು ಚೆಲುವಾದ ಕಟ್ಟಡ, ನಿಜ. ಆದರೆ ಕಟ್ಟಿದ್ದು 2ನೇ ಶತಮಾನದಲ್ಲಿ. ಪೌಲ ಅದನ್ನು ಕಂಡವನಲ್ಲ. ಈಗ ಕಾಣುವ ಮುಂಭಾಗವನ್ನು ಮತ್ತೆ ನಿಲ್ಲಿಸಿದ್ದು 1970ರ ದಶಕದಲ್ಲಿ. ನೀವು ಹಟಹಿಡಿದು ಸಮಯ ಕೇಳಬೇಕಾದದ್ದು ಮಹಾ ರಂಗಮಂದಿರದಲ್ಲಿ. ಸುಮಾರು 25,000 ಜನ ಹಿಡಿಸುತ್ತಿದ್ದ ಜಾಗವದು. ಬೆಳ್ಳಿ ಕೆಲಸದವರು ಎಬ್ಬಿಸಿದ ಗುಂಪು ಎರಡು ಗಂಟೆ ಕಾಲ ಅರ್ತೆಮೀ ದೇವಿಗೆ ಜಯಕಾರ ಕೂಗಿದ್ದು ಅಲ್ಲೇ. ಒಳಗೆ ನುಗ್ಗಲು ಹೊರಟ ಪೌಲನನ್ನು ಶಿಷ್ಯರು ತಡೆದರು. ಮೇಲಿನ ಮೆಟ್ಟಿಲಲ್ಲಿ ಕೂತು ಪಶ್ಚಿಮಕ್ಕೆ ನೋಡಿ: ಬಂದರಿಗೆ ಹೋಗುತ್ತಿದ್ದ ಬೀದಿ ಕಾಣುತ್ತದೆ, ಕಡಲು ಮಾತ್ರ ಅಲ್ಲಿಲ್ಲ. ನದಿಯ ಹೂಳು ಅದನ್ನು ಹಲವು ಕಿಲೋಮೀಟರ್ ಆಚೆಗೆ ತಳ್ಳಿದೆ.

ಮೇಲಿನ ದ್ವಾರದಿಂದ ಒಳಹೊಕ್ಕರೆ ದಾರಿ ಇಳಿಜಾರು, ಹಿರಿಯರಿಗೆ ಸುಲಭ. ಅಮೃತಶಿಲೆ ಜಾರುತ್ತದೆ, ನೆರಳು ಕಡಿಮೆ. ಹಿಡಿತದ ಚಪ್ಪಲಿ, ಟೋಪಿ, ನೀರು ಇರಲಿ. ಸಮೀಪದ ಸೆಲ್ಚುಕ್ ಊರಲ್ಲಿ ಸಂತ ಯೋಹಾನನ ಸಮಾಧಿಯೆಂದು ನಂಬಲಾದ ಜಾಗದ ಮೇಲೆ ಜಸ್ಟಿನಿಯನ್ ಕಟ್ಟಿಸಿದ ದೇವಾಲಯದ ಅವಶೇಷಗಳಿವೆ. ಅದನ್ನು ಪಟ್ಟಿಗೆ ಸೇರಿಸಲು ಮಾರ್ಗದರ್ಶಿಗೆ ಮೊದಲೇ ಹೇಳಿಡಿ.