ಕನ್ನಡಿಗೆ ಅಂಟಿಸಿದ ಮುಖ

🌼 *ಇಂದಿನ ಚಿಂತನೆ: ಉಪಾದಾನ* 🌼



ಕಳೆದ ಭಾನುವಾರ ಅಣ್ಣನ ಮಗನ ಜೊತೆ ಕೂತು ಒಂದು ಹಳೆಯ ಕುಂಗ್‌ಫು ಸಿನಿಮಾ ನೋಡಿದೆ. 1978ರ ‘ಗೇಮ್ ಆಫ್ ಡೆತ್’, ಬ್ರೂಸ್ ಲೀಯದು. ನಾನು ಹುಡುಗನಾಗಿದ್ದಾಗ ಅಣ್ಣ ನನ್ನನ್ನು ವಿಡಿಯೊ ಪಾರ್ಲರಿಗೆ ಕರೆದುಕೊಂಡು ಹೋಗಿ ತೋರಿಸಿದ್ದ ಚಿತ್ರ. ಅಂದು ಮನೆಗೆ ಬಂದವನೇ ಎರಡು ಮರದ ತುಂಡಿಗೆ ಸೈಕಲ್ ಚೈನ್ ಕಟ್ಟಿ ಬೀಸಿ, ತನ್ನ ಹಣೆಯನ್ನೇ ಒಡೆದುಕೊಂಡಿದ್ದ.

ಅಣ್ಣ ತೀರಿಕೊಂಡು ಮೂರು ವರ್ಷವಾಯಿತು. ಆ ಸಿನಿಮಾ ಹಾಕಿದರೆ ಅವನು ಒಂದೂವರೆ ಗಂಟೆಯಾದರೂ ಮರಳಿ ಸಿಕ್ಕಾನು ಎಂಬ ಆಸೆ ನನ್ನದು. ಸಿಕ್ಕಿದ್ದು ನಿರಾಸೆ.

ಕಥೆ ಇಷ್ಟೆ. ಒಬ್ಬ ಸಿನಿಮಾ ನಟನನ್ನು ಅಪರಾಧಿಗಳ ಗ್ಯಾಂಗೊಂದು ಬೆದರಿಸಿ ತನ್ನ ಹಿಡಿತಕ್ಕೆ ತೆಗೆದುಕೊಳ್ಳಲು ನೋಡುತ್ತದೆ. ಅವನು ಒಪ್ಪುವುದಿಲ್ಲ. ಶೂಟಿಂಗ್ ವೇಳೆ ಅವನಿಗೆ ಗುಂಡು ಹಾರಿಸುತ್ತಾರೆ. ಅವನು ಸತ್ತಂತೆ ನಟಿಸಿ, ಮುಖ ಬದಲಿಸಿಕೊಂಡು ಸೇಡು ತೀರಿಸುತ್ತಾನೆ.

ಆದರೆ ನಿಜವಾದ ಬ್ರೂಸ್ ಲೀ 1973ರ ಜುಲೈ 20ರಂದೇ, 32ನೇ ವಯಸ್ಸಿನಲ್ಲಿ ಹಾಂಗ್‌ಕಾಂಗ್‌ನಲ್ಲಿ ತೀರಿಕೊಂಡಿದ್ದರು. 1972ರಲ್ಲಿ ಅವರು ಚಿತ್ರಿಸಿಟ್ಟಿದ್ದ ಕೆಲವು ಹೊಡೆದಾಟಗಳಲ್ಲಿ ಸುಮಾರು 11 ನಿಮಿಷದಷ್ಟನ್ನು ಮಾತ್ರ ಇಟ್ಟುಕೊಂಡು, ಸುತ್ತಲೂ ಹೊಸ ಕಥೆ ಹೊಲಿದರು. ಉಳಿದ ಕಡೆಯೆಲ್ಲ ಡೂಪ್‌ಗಳು. ಮುಖ ಕಾಣದಿರಲೆಂದು ದೊಡ್ಡ ಕಪ್ಪು ಕನ್ನಡಕ, ಬ್ಯಾಂಡೇಜು, ಅಂಟುಗಡ್ಡ. ಒಂದು ದೃಶ್ಯದಲ್ಲಂತೂ ಡೂಪ್ ಕನ್ನಡಿಯ ಮುಂದೆ ಕೂತಿದ್ದಾನೆ. ಅವನ ಮುಖ ಕಾಣಬೇಕಾದ ಜಾಗದಲ್ಲಿ ಬ್ರೂಸ್ ಲೀಯ ಫೋಟೋ ಕತ್ತರಿಸಿ ಅಂಟಿಸಿದ್ದಾರೆ! ಲೀಯವರ ನಿಜವಾದ ಅಂತಿಮಯಾತ್ರೆಯ ದೃಶ್ಯವನ್ನೂ ಬಿಡದೆ ಕಥೆಯೊಳಗೆ ಸೇರಿಸಿದ್ದಾರೆ. ಅಲ್ಲಿ ನನ್ನ ಕೈ ತಾನಾಗಿ ರಿಮೋಟ್ ಹುಡುಕಿತು.

ಆ ಕಾಲದಲ್ಲಿ ಇಂಥ ಅಗ್ಗದ ಚಿತ್ರಗಳ ಸುಗ್ಗಿಯೇ ನಡೆದಿತ್ತು. ನಟರು ಬ್ರೂಸ್ ಲಿ, ಬ್ರೂಸ್ ಲೆ ಎಂದು ಹೆಸರಿಟ್ಟುಕೊಂಡು ತೆರೆಗೆ ಬಂದರು. ಕನ್ನಡ ಮೇಷ್ಟ್ರಾದ ನನಗೆ ಕಂಡದ್ದು: ಒಂದು ದೀರ್ಘ ಹ್ರಸ್ವವಾದರೂ ಸಾಕು, ಸತ್ತವರು ಬದುಕಿದ್ದಾರೆಂದು ನಂಬಲು ಜನ ಸಿದ್ಧರಿದ್ದರು.

ಇದರಲ್ಲೊಂದು ವಿಪರ್ಯಾಸವಿದೆ. ಬ್ರೂಸ್ ಲೀ ಮಾಡಹೊರಟಿದ್ದ ಚಿತ್ರವೇ ಬೇರೆ. ದಕ್ಷಿಣ ಕೊರಿಯಾದ ಬೊಪ್‌ಜುಸಾ ಎಂಬ ಬೌದ್ಧ ದೇವಾಲಯದಲ್ಲಿ ಐದಂತಸ್ತಿನ ಮರದ ಪಗೋಡವಿದೆ. ಒಳಗೆ ಬುದ್ಧರ ಬದುಕಿನ ಎಂಟು ಘಟ್ಟಗಳ ಚಿತ್ರಗಳಿವೆ. ಅಂಥ ಪಗೋಡವನ್ನು ಮಹಡಿ ಮಹಡಿಯಾಗಿ ಏರುವ ಕಥೆ ಅವರ ಮನಸ್ಸಿನಲ್ಲಿತ್ತು. ಪ್ರತಿ ಮಹಡಿಯಲ್ಲೂ ಒಂದೊಂದು ಪಟ್ಟಿನ ನಿಪುಣ. ತನ್ನ ಒಂದೇ ಪಟ್ಟಿಗೆ ಜೋತುಬಿದ್ದವನು ಸೋಲುತ್ತಾನೆ, ಎದುರಿಗಿರುವುದನ್ನು ಇದ್ದ ಹಾಗೆ ಕಂಡು ಬದಲಾಗುವವನು ಮೇಲೇರುತ್ತಾನೆ. 2000ದಲ್ಲಿ ಬಂದ ಸಾಕ್ಷ್ಯಚಿತ್ರವೊಂದರಲ್ಲಿ ಆ ಮೂಲ ದೃಶ್ಯಗಳು ಇನ್ನಷ್ಟು ದೀರ್ಘವಾಗಿವೆ. ಗಟ್ಟಿ ಕೋಲಿನವನೆದುರು ಲೀ ಹಿಡಿದದ್ದು ಬಳುಕುವ ಬಿದಿರಿನ ಕಡ್ಡಿ. 1978ರ ಚಿತ್ರದಲ್ಲಿ ಪಗೋಡ ಹೋಗಿ ರೆಸ್ಟೋರೆಂಟ್ ಬಂತು. ಬಿಡುವುದನ್ನು ಕಲಿಸಬೇಕಿದ್ದ ಕಥೆ, ಬಿಡಲಾರದವರ ಕೈಗೆ ಸಿಕ್ಕಿತು.

ಧಮ್ಮದಲ್ಲಿ ಇದಕ್ಕೆ *ಉಪಾದಾನ* ಎನ್ನುತ್ತಾರೆ. ತೃಷ್ಣೆ ಬೇಕೆನ್ನುತ್ತದೆ, ಉಪಾದಾನ ಹಿಡಿದದ್ದನ್ನು ಬಿಡೆನೆನ್ನುತ್ತದೆ. ಸತ್ತ ಕೂಸನ್ನು ಸೊಂಟದ ಮೇಲೆ ಹೊತ್ತು ಮನೆಮನೆಗೆ ಔಷಧಿ ಕೇಳಿದ ಕಿಸಾಗೋತಮಿಯನ್ನು ನೆನೆಯಿರಿ. ಬುದ್ಧರು ಅವಳನ್ನು ಗದರಿಸಲಿಲ್ಲ. ಸಾವಿಲ್ಲದ ಮನೆಯಿಂದ ಸಾಸಿವೆ ತರಲು ಹೇಳಿದರು. ಅವಳೇ ಕಂಡುಕೊಂಡು ಕೂಸನ್ನು ಇಳಿಸಿದಳು.

ಕನ್ನಡಿಯ ದೃಶ್ಯ ಬಂದಾಗ ಹುಡುಗ ಮೊದಲು ನಕ್ಕ. ಆಮೇಲೆ ಮೆಲ್ಲಗೆ ಅಂದ: “ಪಾಪ, ಆ ಡೂಪ್ ನೋಡಿ ಚಿಕ್ಕಪ್ಪ. ಅವನ ಮುಖ ಯಾರಿಗೂ ಬೇಡ.”

ನನಗೆ ಎದೆಯಲ್ಲಿ ಚುಳ್ಳೆಂದಿತು. ಅಣ್ಣನಿಗೆ ಇಂಜಿನಿಯರ್ ಆಗುವ ಆಸೆಯಿತ್ತು, ಆಗಲಿಲ್ಲ. ಅವನ ಮಗನನ್ನು ಪಿಯುಸಿಯಲ್ಲಿ ಸೈನ್ಸಿಗೆ ಸೇರಿಸಿದವನು ನಾನು. ಅಣ್ಣನ ವಾಚನ್ನು ಅವನ ಕೈಗೆ ಕಟ್ಟಿದವನು, ಅಂಕ ಕಡಿಮೆ ಬಂದಾಗಲೆಲ್ಲ “ನಿಮ್ಮಪ್ಪ ಇದ್ದಿದ್ದರೆ” ಎಂದವನು ನಾನು. ಮೂರು ವರ್ಷದಿಂದ ಆ ಹುಡುಗನ ಕನ್ನಡಿಗೆ ಅಣ್ಣನ ಮುಖ ಅಂಟಿಸುತ್ತಲೇ ಇದ್ದೆ. ಅದನ್ನು ಪ್ರೀತಿ ಎಂದುಕೊಂಡಿದ್ದೆ.

ಸಿನಿಮಾ ನಿಲ್ಲಿಸಿ ಕೇಳಿದೆ: “ನಿನಗೆ ಏನು ಓದಬೇಕು ಅಂತಿದೆಯಪ್ಪಾ?”

ಬಹಳ ಹೊತ್ತು ಸುಮ್ಮನಿದ್ದು, “ಬಿಕಾಂ” ಅಂದ. ವಾಚನ್ನು ತಿರುಗಿಸುತ್ತಾ, “ಇದು ಮಾತ್ರ ಇರಲಿ” ಅಂದ.

ಈಗಲೂ ನನ್ನ ಬಾಯಿಗೆ “ನಿಮ್ಮಪ್ಪ ಇದ್ದಿದ್ದರೆ” ಬರುತ್ತದೆ. ಬಂದಾಗ ಗಮನಿಸುತ್ತೇನೆ, ತಡೆಯುತ್ತೇನೆ. ಅಗಲಿದವರನ್ನು ಮರೆಯಬೇಕೆಂದು ಧಮ್ಮ ಹೇಳುವುದಿಲ್ಲ. ಫೋಟೋ ಗೋಡೆಯ ಮೇಲಿರಲಿ, ಅದು ಸ್ಮರಣೆ. ಇನ್ನೊಬ್ಬರ ಮುಖದ ಮೇಲೆ ಬೇಡ.

🪷 *ಇಂದಿನ ಅಭ್ಯಾಸ:* ಹತ್ತು ನಿಮಿಷ ಉಸಿರನ್ನು ಗಮನಿಸಿ ಕೂತು ಕೇಳಿಕೊಳ್ಳೋಣ: ನನ್ನ ಮನೆಯಲ್ಲಿ ಯಾರ ಮುಖದ ಮೇಲೆ ನಾನು ಬೇರೆಯವರ ಮುಖ ಅಂಟಿಸಿದ್ದೇನೆ? ಸಂಜೆಯೊಳಗೆ ಅವರಿಗೆ ಒಂದು ಪ್ರಶ್ನೆ ಕೇಳಿ, ಉತ್ತರವನ್ನು ಪೂರ್ತಿ ಆಲಿಸೋಣ.

ಭವತು ಸಬ್ಬ ಮಂಗಲಂ 🙏