ಆಫೀಸಿನ ಚಾಟ್‌ಬಾಟ್‌ಗೆ ರಾಜೀನಾಮೆ ಪತ್ರ ಬರೆಸುವ ಮುನ್ನ

ಮ್ಯಾನೇಜರ್ ಮೇಲಿನ ದೂರು, ಬೇರೆ ಕಂಪನಿಗೆ ಕಳಿಸಬೇಕಾದ ರೆಸ್ಯೂಮೆ, ಆಪರೇಷನ್‌ಗೆಂದು ರಜೆ ಕೇಳುವ ಪತ್ರ – ಇವನ್ನೆಲ್ಲ ಆಫೀಸಿನ ಲ್ಯಾಪ್‌ಟಾಪ್‌ನಲ್ಲೇ ಕುಳಿತು ಚಾಟ್‌ಜಿಪಿಟಿಯಿಂದಲೋ ಕೋಪೈಲಟ್‌ನಿಂದಲೋ ಬರೆಸಿಕೊಳ್ಳುವವರಿದ್ದಾರೆ. ಬರೆಸಿಕೊಳ್ಳಿ, ತಪ್ಪಿಲ್ಲ. ಆದರೆ ಅದಕ್ಕೂ ಮೊದಲು ಪರದೆಯ ಮೂಲೆಯಲ್ಲಿರುವ ಪ್ರೊಫೈಲ್ ಒತ್ತಿ, ಲಾಗಿನ್ ಆಗಿರುವುದು ಯಾವ ಇಮೇಲ್‌ನಿಂದ ಎಂದು ನೋಡಿ.

ಕಂಪನಿಯ ಇಮೇಲ್ ಇದ್ದರೆ ಅದು ಕಂಪನಿಯ ಖಾತೆ. ಎಂಟರ್‌ಪ್ರೈಸ್ ಖಾತೆಗಳಲ್ಲಿ ನೀವು ಬರೆದದ್ದನ್ನು ಸಾಮಾನ್ಯವಾಗಿ ಎಐ ತರಬೇತಿಗೆ ಬಳಸುವುದಿಲ್ಲ. ಇಷ್ಟು ಕೇಳಿಯೇ ಹಲವರು ನಿಶ್ಚಿಂತರಾಗುತ್ತಾರೆ. ಆ ರಕ್ಷಣೆ ಇರುವುದು ಕಂಪನಿಯ ಗುಟ್ಟು ಹೊರಗೆ ಹೋಗದಿರಲಿ ಎಂದು. ನಿಮ್ಮ ಗುಟ್ಟು ಕಂಪನಿಗೆ ತಿಳಿಯದಿರಲಿ ಎಂದಲ್ಲ. ಮೈಕ್ರೋಸಾಫ್ಟ್ 365 ಕೋಪೈಲಟ್‌ಗೆ ನೀವು ಕೇಳಿದ ಪ್ರಶ್ನೆಗಳನ್ನು, ಅನುಮತಿಯಿರುವ ಅಧಿಕಾರಿಗಳು ಹುಡುಕಿ ತೆಗೆಯಬಹುದು. ಸಂಸ್ಥೆಯ ನಿಯಮ ಹಾಗಿದ್ದರೆ, ನೀವು ಅಳಿಸಿದ ಮೇಲೂ ಅದರ ಪ್ರತಿ ಉಳಿದಿರುತ್ತದೆ.

ಆದ್ದರಿಂದ ಸ್ವಂತ ವಿಷಯಕ್ಕೆ ಸ್ವಂತ ಫೋನ್, ಸ್ವಂತ ಡೇಟಾ. ಆಫೀಸ್ ಲ್ಯಾಪ್‌ಟಾಪ್‌ನಲ್ಲಿ ಖಾಸಗಿ ಖಾತೆ ತೆರೆದರೆ ಸಾಲದು. ನಿಗಾ ತಂತ್ರಾಂಶವಿದ್ದರೆ ಅದಕ್ಕೆ ಪರದೆಯೇ ಕಾಣುತ್ತದೆ. ಇನ್‌ಕಾಗ್ನಿಟೊ ಅದನ್ನು ತಡೆಯುವುದಿಲ್ಲ.

ಇನ್ನು ಖಾಸಗಿ ಖಾತೆಯ ಸೆಟ್ಟಿಂಗ್ಸ್. ಚಾಟ್‌ಜಿಪಿಟಿಯ ‘ಡೇಟಾ ಕಂಟ್ರೋಲ್ಸ್’ಗೆ ಹೋಗಿ ‘ಇಂಪ್ರೂವ್ ದ ಮಾಡೆಲ್ ಫಾರ್ ಎವೆರಿವನ್’ ಆಫ್ ಮಾಡಿ. ‘ಟೆಂಪೊರರಿ ಚಾಟ್’ ಕೂಡ 30 ದಿನಗಳವರೆಗೆ ಅವರ ಬಳಿ ಇರಬಹುದು. ಜೆಮಿನಿಯಲ್ಲಿ ಕೆಲವು ಸಂಭಾಷಣೆಗಳನ್ನು ಮನುಷ್ಯರೇ ಓದಿ ಪರಿಶೀಲಿಸುತ್ತಾರೆ. ‘ಶೇರ್’ ಗುಂಡಿಯ ತಂಟೆಗಂತೂ ಹೋಗಬೇಡಿ: 2025ರಲ್ಲಿ ಹೀಗೆ ಹಂಚಿಕೊಂಡ ಎಷ್ಟೋ ಚಾಟ್‌ಜಿಪಿಟಿ ಸಂಭಾಷಣೆಗಳು ಗೂಗಲ್ ಹುಡುಕಾಟದಲ್ಲಿ ಸಿಕ್ಕಿದ್ದವು.

ಖಾಸಗಿ ಖಾತೆಗೆ ಕಂಪನಿಯ ಕಡತ ಹಾಕುವುದು ಬೇಡ. 2023ರಲ್ಲಿ ಸ್ಯಾಮ್‌ಸಂಗ್ ಸಿಬ್ಬಂದಿ ಸೋರ್ಸ್ ಕೋಡನ್ನು ಚಾಟ್‌ಜಿಪಿಟಿಗೆ ಹಾಕಿದ್ದು ಬಯಲಾಗಿ, ಸಂಸ್ಥೆ ಇಂಥ ಸಾಧನಗಳನ್ನೇ ನಿರ್ಬಂಧಿಸಿತು. ಚಾಟ್‌ಜಿಪಿಟಿ, ಡೀಪ್‌ಸೀಕ್‌ಗಳನ್ನು ಕಚೇರಿಯ ಕಂಪ್ಯೂಟರ್‌ಗಳಲ್ಲಿ ಬಳಸಬೇಡಿ ಎಂದು ನಮ್ಮ ಕೇಂದ್ರ ಹಣಕಾಸು ಸಚಿವಾಲಯವೂ 2025ರ ಜನವರಿಯಲ್ಲಿ ಸಿಬ್ಬಂದಿಗೆ ಸೂಚಿಸಿತ್ತು. ಆಫೀಸಿನ ಖಾತೆಯಲ್ಲೇ ಆದರೂ, ಸಹೋದ್ಯೋಗಿಯ ವಿಷಯ ಬರೆಯುವಾಗ ಹೆಸರು ತೆಗೆದ ಮಾತ್ರಕ್ಕೆ ಗುರುತು ಅಳಿಯುವುದಿಲ್ಲ. ಹುದ್ದೆ, ಊರು, ಸಂಬಳ ಮೂರೂ ಇದ್ದರೆ ಆಫೀಸಿನವರಿಗೆ ಅದು ಯಾರೆಂದು ಹೇಳಬೇಕಿಲ್ಲ.

ನಮ್ಮ ಮಾಹಿತಿ ಕಾಯಲು ಕಾನೂನು ಇಲ್ಲವೇ ಎಂದರೆ, ಇದೆ. ಆದರೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೇ, ಉದ್ಯೋಗದ ಉದ್ದೇಶಕ್ಕಾದರೆ ನಿಮ್ಮ ಒಪ್ಪಿಗೆ ಇಲ್ಲದೆಯೂ ಮಾಲೀಕರು ಮಾಹಿತಿ ಬಳಸಲು ದಾರಿ ಬಿಟ್ಟಿದೆ. ಅದಕ್ಕಿಂತ ಎಚ್‌ಆರ್‌ಗೆ ಒಂದು ಇಮೇಲ್ ಹಾಕುವುದು ವಾಸಿ. ಚಾಟ್‌ಗಳ ದಾಖಲೆ ಇಡುತ್ತೀರಾ, ಎಷ್ಟು ದಿನ, ಅದನ್ನು ಯಾರು ನೋಡಬಹುದು, ಕೆಲಸ ಬಿಟ್ಟ ಮೇಲೆ ಅದೇನಾಗುತ್ತದೆ ಎಂದು ಕೇಳಿ. ಉತ್ತರ ಬಾಯಿಮಾತಿನಲ್ಲಿ ಬಂದರೆ ಬರಹದಲ್ಲಿ ಕೊಡಿ ಎನ್ನಿ.