ಹೆಸರು ಹಾಕಿದರೆ ಸಾಕೇ?

ಮೇಡಂ, ರಾಜ್ಯೋತ್ಸವದಲ್ಲಿ ನಿಮ್ಮ ಹವ್ಯಾಸಿ ಸಂಘ ಟಿಕೆಟ್ ಇಡದೆ ಬೇಂದ್ರೆ ಗೀತೆ ಹಾಡಿದ್ದಕ್ಕೆ ಯಾರ ಅನುಮತಿಯೂ ಬೇಕಿರಲಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ ಅಷ್ಟು ವಿನಾಯಿತಿ ಕೊಟ್ಟಿದೆ. ಅದೇ ಹಾಡು ಯೂಟ್ಯೂಬಿಗೆ ಏರಿದರೆ ಲೆಕ್ಕ ಬೇರೆ. ಬೇಂದ್ರೆಯವರು ತೀರಿಕೊಂಡದ್ದು 1981ರಲ್ಲಿ. ಮರುವರ್ಷದಿಂದ 60 ವರ್ಷ ಎಣಿಸಿ: 2041ರ ಕೊನೆಯವರೆಗೂ ಹಕ್ಕು ಜೀವಂತ. ಕೆಳಗೆ ‘ಕೃಪೆ: ಬೇಂದ್ರೆ’ ಎಂದು ಹಾಕಿದ್ದೀರಂತೆ. ಒಳ್ಳೆಯದೇ, ಆದರೆ ಅದು ಅನುಮತಿಯಲ್ಲ. ಪಕ್ಕದ ಮನೆಯ ಮಾವಿನಕಾಯಿ ಕಿತ್ತು ‘ಇದು ಅವರ ಮರದ್ದು’ ಎಂದ ಹಾಗಾಯಿತು. ರಾಗ ಹಾಕಿದವರ ಹಕ್ಕು ಪ್ರತ್ಯೇಕ. ಕ್ಯಾಸೆಟ್ಟಿನ ಟ್ರ್ಯಾಕ್ ಬಳಸಿದ್ದರೆ ಕಂಪನಿಯದು ಮೂರನೆಯದು. ಸದ್ಯಕ್ಕೆ ವಿಡಿಯೋ ಪ್ರೈವೇಟ್ ಮಾಡಿ, ಹಕ್ಕುದಾರರಿಗೆ ಒಂದು ಪತ್ರ ಬರೆಯಿರಿ. ಅವಸರವಿದ್ದರೆ ಪುರಂದರದಾಸರ ಪದ ಹಾಡಿ; ರಾಗ ಮಾತ್ರ ನೀವೇ ಹಾಕಿದ್ದಿರಲಿ.